ತೀರ್ಮಾನದ ಕಾಲಂ

ಜೂನ್ ೩, ಸೋಮವಾರ

ಈ ನೋಟ್‌ಬುಕ್ ಮಗಳದು. ಹೋದ ವರ್ಷ ಅರ್ಧ ಬರೆದು ಬಿಟ್ಟಿದ್ದಳು. ಬರೆದ ಹಾಳೆಗಳನ್ನು ಹರಿದು ಉಳಿದದ್ದನ್ನು ನನಗೆ ಕೊಟ್ಟಳು. "ಅಮ್ಮ, ನಿನ್ನ ವಯಸ್ಸಿನವರು ಯಾರೂ ಡೈರಿ ಬರೆಯಲ್ಲ" ಎಂದಳು. ನನ್ನ ವಯಸ್ಸಿನವರು ಯಾರೂ ಕಾಲೇಜಿಗೂ ಹೋಗುವುದಿಲ್ಲ ತಾಯಿ, ಒಂದು ಮರ್ಯಾದೆ ಹೋದ ಮೇಲೆ ಇನ್ನೊಂದೂ ಹೋಗಲಿ ಎಂದೆ.

ಇಪ್ಪತ್ತೆರಡು ವರ್ಷ ವಾರ್ಡಿನಲ್ಲಿ ನರ್ಸ್ ಆಗಿ ದುಡಿದು ನಲವತ್ತೈದಕ್ಕೆ ಪದವಿ ಓದಲು ಕೂತಿದ್ದೇನೆ. ಇದು ಮುಗಿದರೆ ಡಾಕ್ಟರಿಲ್ಲದ ಕಡೆ ನಾನೊಬ್ಬಳೇ ಕ್ಲಿನಿಕ್ ನಡೆಸಬಹುದು. ರೋಗಿಯನ್ನು ನೋಡಬಹುದು, ಕಾಯಿಲೆ ಇಂಥದ್ದು ಎನ್ನಬಹುದು, ಪಟ್ಟಿಯಲ್ಲಿರುವ ಔಷಧಿ ಬರೆದು ಕೆಳಗೆ ಸಹಿ ಹಾಕಬಹುದು. ಸಹಿ ಹಾಕಬಹುದು ಎಂದು ಬರೆಯುವಾಗಲೇ ಕೈ ಒದ್ದೆಯಾಗುತ್ತದೆ.

ಇವತ್ತು ಕೊನೆಯ ಮೂರು ತಿಂಗಳ ಹಂತ ಶುರುವಾಯಿತು. ವಾರದಲ್ಲಿ ನಾಲ್ಕು ದಿನ ಕ್ಲಿನಿಕ್, ಮಂಗಳವಾರ ಶುಕ್ರವಾರ ಕಾಲೇಜು. ಕ್ಲಿನಿಕ್ ಎಂದರೆ ಬಸ್ ನಿಲ್ದಾಣದ ಹಿಂದೆ ಎರಡು ಕೋಣೆ, ಹೊರಗೆ ಒಂದು ಬೆಂಚು, ಒಬ್ಬರು ಆಯಮ್ಮ. ಹಿಂದೆ ಅದು ಟಿಕೆಟ್ ಕೊಡುವ ಜಾಗವಾಗಿತ್ತಂತೆ; ಈಗಲೂ ಕೆಲವರು ಕಿಟಕಿಗೆ ಬಂದು ಬಸ್ ಎಷ್ಟು ಹೊತ್ತಿಗೆ ಎಂದು ಕೇಳುತ್ತಾರೆ. ಕಾಲೇಜಿನಲ್ಲಿ ನಮಗೆ ಪಾಠ ಹೇಳುವ ಡಾಕ್ಟರ್ ಮೇಡಂ ಸೋಮವಾರ ಮತ್ತು ಗುರುವಾರ ಬರುತ್ತಾರೆ. ಬೇರೆ ದಿನ ಫೋನಿನಲ್ಲಿ ಸಿಗುತ್ತಾರೆ. ಅವರು ಇವತ್ತು ಇಡೀ ದಿನ ನನ್ನ ಪಕ್ಕದಲ್ಲೇ ಕೂತಿದ್ದರಿಂದ ಏನೂ ತೊಂದರೆಯಾಗಲಿಲ್ಲ ಅನಿಸುತ್ತದೆ.

ಜೂನ್ ೧೧, ಮಂಗಳವಾರ

ಮೇಡಂ ಇವತ್ತು ಕ್ಲಾಸಿನಲ್ಲಿ ನನ್ನ ಮರ್ಯಾದೆ ತೆಗೆದರು. ತೆಗೆದರು ಎಂದರೆ ತಪ್ಪಾಗಬಹುದು. ಮೆಲ್ಲಗೇ ಹೇಳಿದರು, ಆದರೆ ಹನ್ನೊಂದು ಜನರ ಮುಂದೆ.

ನಮ್ಮ ಕೇಸ್ ಹಾಳೆಯಲ್ಲಿ ಏಳು ಕಾಲಂ. ರೋಗಿ ಏನು ಹೇಳಿದರು, ನಾವು ಏನು ಕಂಡೆವು, ಬಿಪಿ, ನಾಡಿ, ಜ್ವರ, ಹೀಗೆ. ಕೊನೆಯದು "ನನ್ನ ತೀರ್ಮಾನ". ನನ್ನ ಇಪ್ಪತ್ತೆರಡು ಹಾಳೆಗಳಲ್ಲಿ ಹತ್ತೊಂಬತ್ತರಲ್ಲಿ ಆ ಕಾಲಂನಲ್ಲಿ ಒಂದೇ ಮಾತಿದೆ: "ವೈದ್ಯರಿಗೆ ತಿಳಿಸಲಾಗಿದೆ." ಮೊದಲ ಆರು ಕಾಲಂ ನೋಡಿದರೆ ನಿಮಗಿಂತ ಚೆನ್ನಾಗಿ ಯಾರೂ ಬರೆದಿಲ್ಲ, ಏಳನೆಯದು ನೋಡಿದರೆ ನೀವು ಆ ಕೋಣೆಯಲ್ಲಿ ಇರಲೇ ಇಲ್ಲ ಅನಿಸುತ್ತದೆ ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅವರಿಗೇನು ಗೊತ್ತು. ಕೆಲಸಕ್ಕೆ ಸೇರಿದ ಎರಡನೇ ವರ್ಷ, ರೌಂಡ್ಸ್‌ಗೆ ಬಂದ ದೊಡ್ಡ ಸರ್ಜನ್ ಮುಂದೆ, ಇದು ಅಪೆಂಡಿಕ್ಸ್ ಇರಬೇಕು ಸರ್ ಎಂದಿದ್ದೆ. ಅವರು ನನ್ನ ಟೋಪಿಯಿಂದ ಚಪ್ಪಲಿವರೆಗೆ ನೋಡಿ, "ಓಹೋ, ಇವತ್ತು ಆಪರೇಶನ್ನೂ ನೀವೇ ಮಾಡ್ತೀರಾ?" ಎಂದರು. ಅದು ಅಪೆಂಡಿಕ್ಸೇ ಆಗಿತ್ತು. ಆದರೆ ಆವತ್ತಿನಿಂದ ಗೊತ್ತಿದ್ದದ್ದನ್ನು ಹೇಳದೆ, ಅವರಿಗೇ ಹೊಳೆಯುವ ಹಾಗೆ ಸುತ್ತಲಿನದನ್ನು ಮಾತ್ರ ಹೇಳುವುದನ್ನು ಕಲಿತೆ. ವಾರ್ಡಿನ ಎಲ್ಲ ನರ್ಸ್‌ಗಳೂ ಕಲಿಯುತ್ತಾರೆ. ಡಾಕ್ಟರಿಗೆ ಹೆಸರು ಹೊಳೆದಾಗ "ಹೌದಾ ಸರ್" ಎಂದು ಅಚ್ಚರಿಪಡುವುದನ್ನೂ ಕಲಿಯುತ್ತಾರೆ.

ಕ್ಲಾಸಿನಲ್ಲಿ ನಾವು ಲಾಯರ್ ಎಂದು ಕರೆಯುವ ನರ್ಸ್ ಒಬ್ಬ ಇದ್ದಾನೆ, ಮೂವತ್ತರ ಆಸುಪಾಸು, ಗಾಳಿಯ ಜೊತೆಗೂ ವಾದ ಮಾಡುವವನು. ಕ್ಯಾಂಟೀನಿನಲ್ಲಿ ಪಕ್ಕ ಬಂದು ಕೂತು, "ಅಕ್ಕ, ನೀವು ಬರೆದಿದ್ದೇ ಸರಿ. ತಿಳಿಸಲಾಗಿದೆ ಅಂತ ಬರೆದವರನ್ನ ಯಾರೂ ಹಿಡಿಯೋಕೆ ಆಗಲ್ಲ" ಎಂದ. ಸಮಾಧಾನಕ್ಕೆ ಹೇಳಿದ್ದಿರಬಹುದು.

ಜೂನ್ ೧೯, ಬುಧವಾರ

ಮಧ್ಯಾಹ್ನ, ಊಟದ ಡಬ್ಬಿ ಮುಚ್ಚಿಟ್ಟು ಬರೆಯುತ್ತಿದ್ದೇನೆ. ತಿನ್ನಲಾಗಲಿಲ್ಲ.

ಬೆಳಿಗ್ಗೆ ಹಿಂದಿನ ಗಲ್ಲಿಯ ಬೀಗದ ಅಂಗಡಿಯವರು ಬಂದಿದ್ದರು. ಎಪ್ಪತ್ತೊಂದು ವರ್ಷ. ಸುತ್ತಮುತ್ತಲಿನವರೆಲ್ಲ ಬೀಗದವರು ಎಂದೇ ಕರೆಯುತ್ತಾರೆ. ನಮ್ಮ ಕ್ಲಿನಿಕ್‌ನ ಔಷಧಿ ಬೀರುವಿನ ಕೀಲಿಯೂ ಅವರು ಮಾಡಿದ್ದೇ. ಮೂರು ವಾರದಿಂದ ಎಡಗಡೆ ತಲೆನೋವು. ಹುಬ್ಬಿನ ಪಕ್ಕ ಬಾಚಣಿಗೆ ತಾಗಿದರೆ ಉರಿಯುತ್ತದಂತೆ. ಊಟಕ್ಕೆ ಕೂತರೆ ಅರ್ಧದಲ್ಲೇ ದವಡೆ ಸೋತುಹೋಗುತ್ತದಂತೆ. ಹೆಂಡತಿ ಅಡುಗೆ ಕೆಡಿಸುತ್ತಿದ್ದಾಳೆ ಅಂದುಕೊಂಡೆ, ಆಮೇಲೆ ನೋಡಿದರೆ ಕೆಟ್ಟಿರೋದು ನನ್ನ ದವಡೆ ಎಂದು ನಗಿಸಿದರು. ಹೊರಡುವಾಗ ಬಾಗಿಲಲ್ಲಿ ನಿಂತು, ನಿನ್ನೆ ಎರಡು ನಿಮಿಷ ಎಡಗಣ್ಣಿಗೆ ಪರದೆ ಎಳೆದ ಹಾಗಾಯಿತು, ಆಮೇಲೆ ಸರಿಹೋಯಿತು ಎಂದರು.

ಮತ್ತೆ ಕೂರಿಸಿ ಕಿವಿಯ ಮೇಲ್ಗಡೆ ಬೆರಳಿಟ್ಟು ನೋಡಿದೆ. ರಕ್ತನಾಳ ಹುರಿಯಂತೆ ಗಟ್ಟಿಯಾಗಿತ್ತು. ಮುಟ್ಟಿದ್ದಕ್ಕೇ ಮುಖ ಕಿವಿಚಿದರು.

ಹೋದ ವಾರದ ಪಾಠದಲ್ಲಿ ಇಂಥದ್ದೇನೋ ಇತ್ತು. ತಲೆಯ ರಕ್ತನಾಳದ ಉರಿಯೂತ. ವಯಸ್ಸಾದವರಿಗೆ ಬರುತ್ತದೆ, ರಕ್ತ ಪರೀಕ್ಷೆಗೆ ಕಾಯಬಾರದು, ಆ ಗಳಿಗೆಯಲ್ಲೇ ಸ್ಟೀರಾಯ್ಡ್ ಮಾತ್ರೆ ಕೊಡಬೇಕು, ತಡವಾದರೆ ಕಣ್ಣು ಹೋಗುತ್ತದೆ ಎಂದು ಮೇಡಂ ಬೋರ್ಡಿನ ಮೇಲೆ ಎರಡು ಗೆರೆ ಎಳೆದು ಹೇಳಿದ್ದರು. ಆ ಮಾತ್ರೆ ನಮ್ಮ ಪಟ್ಟಿಯಲ್ಲೂ ಇದೆ, ಬೀರುವಿನಲ್ಲೂ ಇದೆ. ಏಳನೇ ಕಾಲಂನಲ್ಲಿ ಪೆನ್ಸಿಲಿನಲ್ಲಿ ಆ ಹೆಸರು ಬರೆದೆ. ಆಮೇಲೆ ಮೇಡಂಗೆ ಫೋನ್ ಮಾಡಿದೆ. ಅವರು ಇನ್ನೊಂದು ಕ್ಲಿನಿಕ್‌ನಲ್ಲಿದ್ದರು, ಹಿಂದೆ ಮಕ್ಕಳು ಅಳುವುದು ಕೇಳುತ್ತಿತ್ತು. ಬಿಪಿ ಹೇಳಿದೆ, ನಾಡಿ ಹೇಳಿದೆ, ಜ್ವರ ಇಲ್ಲ ಎಂದೆ, ಸಕ್ಕರೆ ಹೇಳಿದೆ, ತಲೆನೋವು ಎಂದೆ, ದವಡೆ ನೋವು ಎಂದೆ. ಕಣ್ಣು ಸ್ವಲ್ಪ ಮಂಜಾಗಿತ್ತಂತೆ ಎಂದೆ. ಹಲ್ಲಿನದ್ದಿರಬಹುದು, ನೋವಿನ ಮಾತ್ರೆ ಕೊಡಿ, ನಾಳೆ ಹೇಗಿದ್ದರೂ ಬರುತ್ತೇನಲ್ಲ ಎಂದರು.

ನೋವಿನ ಮಾತ್ರೆ ಕೊಟ್ಟು ಕಳಿಸಿದೆ. ಪೆನ್ಸಿಲಿನದನ್ನು ಅಳಿಸಿ ಪೆನ್ನಿನಲ್ಲಿ "ವೈದ್ಯರಿಗೆ ತಿಳಿಸಲಾಗಿದೆ" ಎಂದು ಬರೆದೆ. ಹಲ್ಲಿನದ್ದೇ ಇರಬಹುದು. ಮೇಡಂಗೆ ಗೊತ್ತಿಲ್ಲದ್ದು ನನಗೆ ಗೊತ್ತಿರುತ್ತದೆಯೇ.

ಜೂನ್ ೨೦, ಗುರುವಾರ

ಬೀಗದವರಿಗೆ ಬೆಳಿಗ್ಗೆ ಎದ್ದಾಗ ಎಡಗಣ್ಣು ಕಾಣುತ್ತಿರಲಿಲ್ಲವಂತೆ. ಹೆಂಡತಿ ಕೈ ಹಿಡಿದು ಕರೆತಂದರು. ಮೇಡಂ ಕಿವಿಯ ಮೇಲೆ ಬೆರಳಿಟ್ಟ ತಕ್ಷಣ ನನ್ನ ಕಡೆ ನೋಡಿದರು. ಇಂಜೆಕ್ಷನ್ ಕೊಟ್ಟು ಆಂಬುಲೆನ್ಸ್‌ನಲ್ಲಿ ದೊಡ್ಡಾಸ್ಪತ್ರೆಗೆ ಕಳಿಸಿದರು.

ಆ ಕಣ್ಣು ಇನ್ನು ಬರುವುದಿಲ್ಲ.

ಜೂನ್ ೨೪, ಸೋಮವಾರ

ಬಲಗಣ್ಣು ಉಳಿಯಿತು. ಮಾತ್ರೆ ವರ್ಷಗಟ್ಟಲೆ ನುಂಗಬೇಕು, ಮಧ್ಯದಲ್ಲಿ ಬಿಟ್ಟರೆ ಅದೂ ಹೋಗುತ್ತದೆ. ಇಷ್ಟನ್ನು ಮೇಡಂ ಹೇಳಿ, ಬಾಗಿಲು ಮುಂದೆ ಮಾಡಿ, ನನ್ನೆದುರು ಕೂತರು. ನನ್ನದೇ ತಪ್ಪು, ನೀವು ಹೇಳಬೇಕಾದ್ದನ್ನು ಹೇಳಿದ್ದಿರಿ, ನಾನು ಅರ್ಧ ಕಿವಿಯಲ್ಲಿ ಕೇಳಿದೆ ಎಂದರು. ಅವರ ಕಣ್ಣು ಕೆಂಪಗಿತ್ತು. ನಾನು ತಲೆ ತಗ್ಗಿಸಿ ಕೂತಿದ್ದೆ. ತಲೆ ತಗ್ಗಿಸಿ ಕೂರುವುದರಲ್ಲಿ ನನಗೆ ಇಪ್ಪತ್ತೆರಡು ವರ್ಷದ ಅನುಭವವಿದೆ.

ಶುಕ್ರವಾರ ಕಾಲೇಜಿನಲ್ಲಿ ಲಾಯರ್ ನನ್ನ ಹಾಳೆ ನೋಡಿ, ಅಕ್ಕ ನಿಮ್ಮ ಕಾಗದ ಹಾಲಿನಷ್ಟು ಬಿಳಿ ಎಂದ. ಹೊತ್ತು ಬರೆದಿದ್ದೀರಿ, ಫೋನ್ ಮಾಡಿದ್ದು ಬರೆದಿದ್ದೀರಿ, ಅವರು ಏನಂದರೆಂದು ಬರೆದಿದ್ದೀರಿ. ಯಾವ ಕೋರ್ಟೂ ನಿಮ್ಮನ್ನು ಮುಟ್ಟುವುದಿಲ್ಲ. ಏಳನೇ ಕಾಲಂ ಮೇಲೆ ಅವನ ಹೆಬ್ಬೆರಳು ಇತ್ತು. ಅಳಿಸಿದ ಪೆನ್ಸಿಲಿನ ಗುರುತು ಕಾಗದದಲ್ಲಿ ಒತ್ತಿಕೊಂಡು ಹಾಗೇ ಇತ್ತು, ಬೆಳಕಿಗೆ ಓರೆ ಹಿಡಿದರೆ ಓದಬಹುದಿತ್ತು. ಅವನು ಓರೆ ಹಿಡಿಯಲಿಲ್ಲ.

ಮನೆಯವರಿಗೆ ಏನೂ ಹೇಳಿಲ್ಲ. ಅವರು ಬಸ್ ಓಡಿಸುವವರು. ಬ್ರೇಕ್ ಹಿಡಿಯುತ್ತಿಲ್ಲ ಎಂದು ಗೊತ್ತಿದ್ದೂ ಡಿಪೋದವರಿಗೆ ತಿಳಿಸಲಾಗಿದೆ ಎಂದು ಬರೆದಿಟ್ಟು ಗಾಡಿ ಹತ್ತುತ್ತೀರಾ ಎಂದು ಅವರನ್ನು ಕೇಳಬೇಕೆನಿಸಿತು. ಕೇಳಿದರೆ ಹುಚ್ಚಿ ಎನ್ನುತ್ತಾರೆ.

ಜುಲೈ ೨, ಮಂಗಳವಾರ

ಕಾಲೇಜಿಗೆ ಹೋಗಲಿಲ್ಲ. ಹೊಟ್ಟೆನೋವು ಎಂದೆ. ಮಗಳು ಹಣೆ ಮುಟ್ಟಿ ನೋಡಿ ಹೋದಳು. ಹೊಟ್ಟೆನೋವಿಗೆ ಹಣೆ ಯಾಕೆ ಮುಟ್ಟಿದಳೋ.

ಜುಲೈ ೩, ಬುಧವಾರ

ಹದಿನಾಲ್ಕು ರೋಗಿಗಳು. ಒಬ್ಬೊಬ್ಬರ ವಿಷಯಕ್ಕೂ ಮೇಡಂಗೆ ಫೋನ್ ಮಾಡಿ ಕೇಳಿದೆ. ನೆಗಡಿಗೂ ಕೇಳಿದೆ.

ಜುಲೈ ೯, ಮಂಗಳವಾರ

ಪದವಿಗೆ ಒಂದು ಕೇಸನ್ನು ವಿವರವಾಗಿ ಬರೆದು ಕೊಡಬೇಕು: ಏನು ನಡೆಯಿತು, ನೀವೇನು ಕಲಿತಿರಿ. ಉಳಿದವರೆಲ್ಲ ತಾವು ಉಳಿಸಿದ ರೋಗಿಗಳ ಬಗ್ಗೆ ಬರೆಯುತ್ತಿದ್ದಾರೆ. ನಾನು ಬೀಗದವರ ಬಗ್ಗೆ ಎರಡು ಸಲ ಬರೆದೆ. ಮೊದಲನೆಯದರಲ್ಲಿ ಎಲ್ಲವೂ ಸರಿಯಾಗಿತ್ತು, ನಾನೂ ಸರಿಯಾಗಿದ್ದೆ. ಅದನ್ನು ಹರಿದುಹಾಕಿದೆ.

ಈ ಪುಸ್ತಕದಲ್ಲೂ ನಾನು ಒಂದು ಮಾತು ಬರೆದಿಲ್ಲ. ಆವತ್ತು ಫೋನ್ ಇಡುವ ಮುಂಚೆ ಮೇಡಂ ಕೇಳಿದ್ದರು, "ನಿಮಗೇನನ್ಸುತ್ತೆ?" ಕೇಳಿ ಕಾದರು. ಮಕ್ಕಳ ಅಳುವಿನ ಮಧ್ಯೆ ಕಾದರು. ಪೆನ್ಸಿಲಿನಲ್ಲಿ ಬರೆದ ಹೆಸರು ನನ್ನ ಕಣ್ಣ ಮುಂದೆಯೇ ಇತ್ತು. ನಾನು, "ನೀವು ಹೇಳಿದ ಹಾಗೇ, ಮೇಡಂ" ಎಂದೆ.

ನನಗೆ ಗೊತ್ತಿತ್ತು. ಅನುಮಾನ ಅಲ್ಲ, ಗೊತ್ತಿತ್ತು. ಹೇಳಿದ್ದು ತಪ್ಪಾಗಿ ನಗೆಪಾಟಲಾದರೆ ಎಂದು ಹೆದರಿ ಒಬ್ಬ ಮನುಷ್ಯನ ಕಣ್ಣು ಕಳೆದೆ. ಇದನ್ನು ಬರೆದು ಸಹಿ ಮಾಡಿ ಇವತ್ತು ಕೊಟ್ಟೆ. ಮೇಡಂ ನನ್ನೆದುರೇ ಓದಿದರು. ಮುಗಿಸಿ ಹಾಳೆಗಳನ್ನು ಜೋಡಿಸಿಟ್ಟರು. ನಾನು ಕೇಳಿದ್ದು ನನಗೂ ನೆನಪಿದೆ, ನೀವೇ ಹೇಳುತ್ತೀರೇನೋ ಎಂದು ನೋಡುತ್ತಿದ್ದೆ ಎಂದರು. ಆಮೇಲೆ, ಇದನ್ನು ಪರೀಕ್ಷಾ ಮಂಡಳಿಗೆ ಕಳಿಸದೆ ಬೇರೆ ದಾರಿಯಿಲ್ಲ, ಪದವಿ ಕೈತಪ್ಪಬಹುದು, ವಾಪಸ್ ತೆಗೆದುಕೊಳ್ಳುತ್ತೀರಾ ಎಂದು ಕೇಳಿದರು. ಬೇಡ ಎಂದೆ.

ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ. ಎರಡು ವರ್ಷ ಮನೆಮಂದಿಯನ್ನೆಲ್ಲ ಅರ್ಧ ಹೊಟ್ಟೆಯಲ್ಲಿಟ್ಟು ಓದಿದ್ದು ಇದಕ್ಕಾ. ಮಗಳ ಪರೀಕ್ಷೆಯ ವಾರವೂ ಊಟದ ಮೇಜಿನ ಮುಕ್ಕಾಲು ಭಾಗ ನನ್ನ ಪುಸ್ತಕಗಳದ್ದೇ ಆಗಿತ್ತು.

ಜುಲೈ ೧೩, ಶನಿವಾರ

ಬೀಗದವರ ಅಂಗಡಿಗೆ ಹೋಗಿ ಹೇಳಿಬಂದೆ. ಯಾಕಾದರೂ ಹೋದೆನೋ.

ಅಂಗಡಿ ಎಂದರೆ ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಲು ಜಾಗವಿಲ್ಲದ ಗೂಡು. ಗೋಡೆ ತುಂಬ ಕೀಲಿಗಳು. ಅವರು ಕೀಲಿಯೊಂದನ್ನು ಬಲಗಣ್ಣಿನ ಹತ್ತಿರಕ್ಕೆ ಹಿಡಿದು ಅರದಿಂದ ಉಜ್ಜುತ್ತಿದ್ದರು. ಎಡಗಣ್ಣು ನೋಡುವುದಕ್ಕೆ ಸರಿಯಾಗಿಯೇ ಇದೆ, ಅದೇ ಹೆಚ್ಚು ಸಂಕಟ. ನನ್ನನ್ನು ಕಂಡು ಸ್ಟೂಲಿನ ಮೇಲಿದ್ದ ಡಬ್ಬ ಕೆಳಗಿಟ್ಟು ಕೂರಲು ಹೇಳಿದರು. ಆವತ್ತು ಅಷ್ಟು ಮುತುವರ್ಜಿಯಿಂದ ನೋಡಿದಿರಿ, ನಿಮ್ಮಂಥವರು ಇರಬೇಕು ಎಂದರು. ಒಂದು ಕಣ್ಣಿನಲ್ಲಿ ದೂರ ಹತ್ತಿರ ತಿಳಿಯುವುದಿಲ್ಲ, ಅರ ಜಾರಿ ಬೆರಳಿಗೇ ಬರುತ್ತದೆ ಎಂದು ಕೈ ತೋರಿಸಿದರು. ಹೆಬ್ಬೆರಳ ತುಂಬ ಗಾಯ.

ಅಲ್ಲೇ ಹೇಳಿಬಿಟ್ಟೆ. ಸುತ್ತಿಬಳಸಿ ಅಲ್ಲ, ನೇರವಾಗಿ.

ಅವರು ಉಜ್ಜುವುದನ್ನು ನಿಲ್ಲಿಸಲಿಲ್ಲ. "ಅವತ್ತೇ ಗೊತ್ತಿತ್ತಾ?" ಎಂದರು.

"ಗೊತ್ತಿತ್ತು."

"ಗೊತ್ತಿದ್ದೂ ಮನೆಗೆ ಕಳಿಸಿದ್ರಾ?"

"ಹೌದು."

"ಈಗ ಯಾಕೆ ಹೇಳೋಕೆ ಬಂದ್ರಿ? ನನಗೆ ಇದರಿಂದ ಏನಾಗ್ಬೇಕು? ನಿಮ್ಮ ಮನಸ್ಸು ಹಗುರ ಆಗ್ಲಿ ಅಂತ ತಾನೇ?"

ಸ್ಟೂಲಿನಿಂದ ಎದ್ದೆ. ಅವರು ಡಬ್ಬವನ್ನು ಮತ್ತೆ ಸ್ಟೂಲಿನ ಮೇಲಿಟ್ಟರು. ಹೋಗಿ ಎಂದೂ ಅನ್ನಲಿಲ್ಲ.

ಜುಲೈ ೧೫, ಸೋಮವಾರ

ಮೇಡಂಗೆ ಹೇಳಿದೆ. ನನ್ನನ್ನು ಕೇಳದೆ ಹೋಗಬಾರದಿತ್ತು ಎಂದರು. ನಿಜ. ಒಮ್ಮೆ ಕೇಳಬಾರದ ಕಡೆ ಕೇಳುತ್ತೇನೆ, ಒಮ್ಮೆ ಕೇಳಬೇಕಾದ ಕಡೆ ಬಾಯಿ ಮುಚ್ಚುತ್ತೇನೆ.

ಮನೆಯವರಿಗೂ ಹೇಳಿದೆ. ಊಟ ಮುಗಿಸಿ ಕೈ ತೊಳೆದು ಬಂದು, ಹತ್ತು ವರ್ಷದ ಹಿಂದೆ ತಮ್ಮ ಬಸ್ಸಿಗೆ ಅಡ್ಡ ಬಂದ ಸೈಕಲ್ಲಿನವನ ಕಥೆ ಹೇಳಿದರು. ಅದು ನನಗೆ ಗೊತ್ತಿರಲೇ ಇಲ್ಲ. ಇಷ್ಟು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿ ಇಬ್ಬರೂ ಒಂದೊಂದು ಮುಚ್ಚಿಟ್ಟಿದ್ದೇವೆ. ಸಮಾಧಾನವೇನೂ ಆಗಲಿಲ್ಲ.

ಆಗಸ್ಟ್ ೭, ಬುಧವಾರ

ಬೇಗ ಬೇಗ ಬರೆಯುತ್ತೇನೆ, ಹೊರಗೆ ಇನ್ನೂ ಆರು ಜನ ಇದ್ದಾರೆ.

ಬೆಳಿಗ್ಗೆ ಬೀಗದವರ ಹೆಂಡತಿ ಒಳಗೆ ಬರದೆ ಕಿಟಕಿಯಲ್ಲೇ ಆಯಮ್ಮನ ಹತ್ತಿರ ತಲೆನೋವಿಗೆ ಎರಡು ಮಾತ್ರೆ ಕೇಳುತ್ತಿದ್ದರು. ಯಾರಿಗೆ ಎಂದು ನಾನು ಕೇಳಿದೆ. ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ಅವರಿಗೆ ಎಂದರು. ಸ್ಟೀರಾಯ್ಡ್ ಮಾತ್ರೆ ನುಂಗುತ್ತಿದ್ದಾರಾ ಎಂದೆ. ಇಲ್ಲ. ಬಿಟ್ಟು ಹತ್ತು ದಿನವಾಯಿತಂತೆ. ಮುಖ ಊದುತ್ತದೆ, ನಿದ್ದೆ ಬರುವುದಿಲ್ಲ, ಅಲ್ಲದೆ ಗೊತ್ತಿದ್ದೂ ಹೇಳದವರ ಮಾತ್ರೆ ನಾನ್ಯಾಕೆ ನುಂಗಲಿ ಎಂದು ಚರಂಡಿಗೆ ಸುರಿದರಂತೆ.

ನಾನು ಹೇಳಲು ಹೋಗಿದ್ದಕ್ಕೇ ಇದಾಗಿದ್ದು. ಒಂದು ಕಣ್ಣು ಹೇಳದೆ ಹೋಯಿತು, ಇನ್ನೊಂದು ಹೇಳಿ ಹೋಗುತ್ತದೆ.

ಬೀರುವಿನಿಂದ ಮಾತ್ರೆ ತೆಗೆದುಕೊಂಡು, ನೋಡಿಕೊಳ್ಳಿ ಎಂದು ಆಯಮ್ಮನಿಗೆ ಹೇಳಿ ಗಲ್ಲಿಗೆ ಓಡಿದೆ. ಅಂಗಡಿಯಲ್ಲಿ ಅವರು ಗೋಡೆಗೆ ತಲೆ ಒರಗಿಸಿ ಕೂತಿದ್ದರು. ನನ್ನನ್ನು ನೋಡಿ ಮುಖ ತಿರುಗಿಸಿದರು. ಬಲಗಡೆ ನೋವಾ ಎಂದೆ. ಕೇಳದೆಯೇ ಕಿವಿಯ ಮೇಲೆ ಬೆರಳಿಟ್ಟೆ. ಕೈ ತಳ್ಳಿದರು. ಅಷ್ಟರಲ್ಲಿ ತಿಳಿಯಬೇಕಾದ್ದು ತಿಳಿದಿತ್ತು.

"ನಿಮ್ಮ ಮಾತು ಯಾಕೆ ನಂಬಲಿ ನಾನು?" ಎಂದರು.

"ನಂಬಬೇಡಿ. ಮಾತ್ರೆ ಮಾತ್ರ ನುಂಗಿ. ನನ್ನ ಮೇಲಿನ ಸಿಟ್ಟನ್ನ ಕಣ್ಣಿನ ಮೇಲೆ ಯಾಕೆ ತೀರಿಸ್ಕೋತೀರಿ?"

"ಡಾಕ್ಟರ್ ಏನಂದ್ರು?"

"ಅವರನ್ನ ಇನ್ನೂ ಕೇಳಿಲ್ಲ. ಕೇಳೋವರೆಗೆ ಕಾದರೆ ಇದೂ ಹೋಗುತ್ತೆ. ರೋಗ ಮತ್ತೆ ಬಂದಿದೆ. ಈಗಲೇ ನುಂಗಬೇಕು, ಈಗಲೇ ಆಸ್ಪತ್ರೆಗೆ ಹೊರಡಬೇಕು."

ಆಗ ನನ್ನ ಮುಖ ನೋಡಿದರು. ಹೆಂಡತಿ ಹಿಂದಿನಿಂದ ನೀರಿನ ಲೋಟ ಚಾಚಿದರು. ಅವರು ನುಂಗಿದರು, ನನಗಾಗಿ ಅಲ್ಲ, ಲೋಟ ಹಿಡಿದು ನಿಂತ ಹೆಂಡತಿಗಾಗಿ. ಆಟೋ ಹತ್ತಿಸಿದೆ. ಚೀಟಿ ಬರೆದು ಸಹಿ ಹಾಕಿ ಹೆಂಡತಿಯ ಕೈಗೆ ಕೊಟ್ಟೆ. ಕ್ಲಿನಿಕ್‌ಗೆ ಬಂದ ಮೇಲೆ ಮೇಡಂಗೆ ಫೋನ್ ಮಾಡಿ ಹೀಗೆ ಮಾಡಿದ್ದೇನೆ ಎಂದೆ. ಸರಿ ಎಂದರು.

ಅವರ ಬಲಗಣ್ಣು ಹೋದರೆ ನಾನು ಈ ಊರಿನಲ್ಲಿ ತಲೆ ಎತ್ತಿ ನಡೆಯಲಾರೆ. ಮುಂದಿನವರು ಮಗುವನ್ನು ಎತ್ತಿಕೊಂಡು ಬಂದಿದ್ದಾರೆ, ಕಿವಿ ಸೋರುತ್ತಿದೆಯಂತೆ.

ಆಗಸ್ಟ್ ೧೦, ಶನಿವಾರ

ಬಲಗಣ್ಣು ಸದ್ಯಕ್ಕೆ ಉಳಿದಿದೆ. ದೊಡ್ಡಾಸ್ಪತ್ರೆಗೆ ಹೋಗಿದ್ದೆ. ವಾರ್ಡಿನ ನರ್ಸ್ ನನ್ನ ಹಳೆಯ ಜೊತೆಗಾತಿ. ಅಕ್ಕ, ನಿಮ್ಮನ್ನು ಒಳಗೆ ಬಿಡಬೇಡಿ ಎಂದು ಪೇಶೆಂಟೇ ಹೇಳಿದ್ದಾರೆ, ಬೇಜಾರು ಮಾಡಿಕೊಳ್ಳಬೇಡಿ ಎಂದಳು. ಬೇಜಾರು ಯಾಕೆ. ನಾನಾಗಿದ್ದರೆ ಚಪ್ಪಲಿ ಎಸೆಯುತ್ತಿದ್ದೆ.

ಬಾಗಿಲ ಸಂದಿಯಿಂದ ನೋಡಿದೆ. ಹೆಂಡತಿ ಅನ್ನ ಕಲಸಿ ಕೊಡುತ್ತಿದ್ದರು. ಮುಖ ತುಂಬ ಸೊರಗಿದೆ, ಅವರದಲ್ಲ, ಹೆಂಡತಿಯದು. ಮೆಟ್ಟಿಲ ಮೇಲೆ ಕೂತು ಅತ್ತೆ. ಸತ್ತವರ ಕಡೆಯವಳು ಎಂದುಕೊಂಡು ಯಾರೋ ನೀರು ತಂದುಕೊಟ್ಟರು. ಕುಡಿದೆ.

ಆಗಸ್ಟ್ ೨೬, ಸೋಮವಾರ

ಮಂಡಳಿಯ ಪತ್ರ ಬಂತು. ನನ್ನ ಪ್ರಾಮಾಣಿಕತೆಯನ್ನು ಮೆಚ್ಚಿದ್ದಾರೆ. ಮೆಚ್ಚಿ ಫೇಲ್ ಮಾಡಿದ್ದಾರೆ. ಕ್ಲಿನಿಕ್‌ನ ಹಂತವನ್ನು ಮೊದಲಿನಿಂದ ಮತ್ತೆ, ಈ ಸಲ ಆರು ತಿಂಗಳು, ಮಾಡಬೇಕು, ಎಲ್ಲ ಹಾಳೆಗಳೂ ಹೊಸದು, ಆಮೇಲೆ ನೋಡುತ್ತಾರಂತೆ. ಲಾಯರ್ ಪಾಸಾದ. ಮೇಲ್ಮನವಿ ಹಾಕೋಣ, ನಾನೇ ಬರೆದುಕೊಡುತ್ತೇನೆ ಎಂದು ಫೋನಿನಲ್ಲಿ ಹಾರಾಡಿದ. ಬೇಡಪ್ಪ ಎಂದೆ. ಅವರು ಬರೆದಿರುವುದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ.

ಪುಸ್ತಕಗಳನ್ನೆಲ್ಲ ರಟ್ಟಿನ ಪೆಟ್ಟಿಗೆಗೆ ತುಂಬಿ ಮಂಚದ ಕೆಳಗೆ ತಳ್ಳಿದೆ. ಸಾಕು. ವಾರ್ಡಿಗೆ ವಾಪಸ್ ಹೋಗುತ್ತೇನೆ, ಹೇಳಿದ್ದು ಮಾಡಿಕೊಂಡು ಇರುತ್ತೇನೆ. ಸಾಯಂಕಾಲ ನೋಡಿದರೆ ಮನೆಯವರು ಊಟದ ಮೇಜನ್ನು ಖಾಲಿ ಮಾಡಿ ಒರೆಸಿಟ್ಟಿದ್ದಾರೆ. ಪುಸ್ತಕ ಎಲ್ಲಿ ಎಂದು ಕೇಳಿದರು. ನಾನು ತಟ್ಟೆ ಹಾಕಿದೆ. ಮಗಳು, "ಆರು ತಿಂಗಳು ತಾನೇ ಅಮ್ಮ" ಎಂದಳು. ಅವಳಿಗೆ ಆರು ತಿಂಗಳೆಂದರೆ ಒಂದು ಪರೀಕ್ಷೆ. ನನಗೆ ಆರು ತಿಂಗಳೆಂದರೆ ಇನ್ನೆಷ್ಟು ಜನರ ಕಣ್ಣು.

ಬಿಡುತ್ತೇನೆ ಎಂದು ಮೇಡಂಗೆ ಪತ್ರ ಬರೆದಿದ್ದೇನೆ. ಕೊಡಬೇಕು.

ಸೆಪ್ಟೆಂಬರ್ ೪, ಬುಧವಾರ

ಇಪ್ಪತ್ತಾರು ರೋಗಿಗಳು. ಪತ್ರ ಇನ್ನೂ ಚೀಲದಲ್ಲೇ ಇದೆ, ಕೊಡುವವರೆಗೆ ಕ್ಲಿನಿಕ್ ತಪ್ಪುವುದಿಲ್ಲ. ಕಟ್ಟಡ ಕೆಲಸದವನೊಬ್ಬ ಕೈಗೆ ಮೊಳೆ ಚುಚ್ಚಿಕೊಂಡು ನಾಲ್ಕು ದಿನ ಬಿಟ್ಟು ಬಂದಿದ್ದ. ಕೆಂಪು ಮೊಣಕೈವರೆಗೆ ಏರಿತ್ತು. ಅಲ್ಲೇ ಇಂಜೆಕ್ಷನ್ ಕೊಟ್ಟು ಆಸ್ಪತ್ರೆಗೆ ಕಳಿಸಿದೆ. ನಾಳೆ ಹೋಗುತ್ತೇನೆ ಎಂದವನಿಗೆ ಗದರಿದೆ. ಇಡೀ ದಿನ ಮೇಡಂ ಫೋನ್ ಬರಲಿಲ್ಲವಲ್ಲ ಎಂದು ನೋಡಿದರೆ ನಾನೇ ಮಾಡಿರಲಿಲ್ಲ. ತಲೆ ಎಲ್ಲಿಟ್ಟಿರುತ್ತೇನೋ. ಸೊಂಟ ನೋಯುತ್ತಿದೆ. ಯಾವುದರಲ್ಲೂ ಮನಸ್ಸಿಲ್ಲ.

ಸೆಪ್ಟೆಂಬರ್ ೧೨, ಗುರುವಾರ

ಮೇಡಂ ಬರುವ ದಿನ. ಬೀಗದವರು ಕಣ್ಣು ತೋರಿಸಲು ಬಂದಿದ್ದರು. ಬಾಗಿಲ ಹತ್ತಿರ ಎದುರಾದೆ. ಮುಖ ತಿರುಗಿಸಿಕೊಂಡು ಬೆಂಚಿನ ಆ ತುದಿಯಲ್ಲಿ, ಮೇಡಂ ಕೋಣೆಯ ಮುಂದೆ ಕೂತರು. ನಾನು ಒಳಗೆ ಬಂದು ಕೂತೆ. ಎರಡನೇ ರೋಗಿಯಾಗಿ ಅವರ ಹೆಂಡತಿ ಬಂದರು.

ಕೂರಿ ಎಂದೆ. ಕೂರಲಿಲ್ಲ. "ಅವರು ನಿಮ್ಮ ಹತ್ರ ಬರಲ್ಲ. ನನ್ನನ್ನ ಮಾತ್ರ ನಿಮಗೇ ತೋರಿಸ್ಕೋ ಅಂದ್ರು" ಎಂದರು.

ಯಾಕೆ ಎಂದು ಕೇಳಬಾರದಿತ್ತು, ಕೇಳಿದೆ.

"ಆ ಸಿಸ್ಟರು ಒಂದ್ಸಲ ಮುಚ್ಚಿಟ್ಟು ಕಲ್ತಿದ್ದಾರೆ, ಇನ್ನು ಮುಚ್ಚಿಡಲ್ಲ ಅಂದ್ರು."

ಹೊರಬಾಗಿಲು ಹಾಕಿ, ಪರದೆ ಎಳೆದು ನೋಡಿದೆ. ಬಲ ಎದೆಯಲ್ಲಿ ಗಡ್ಡೆ. ನಿಂಬೆಹಣ್ಣಿನಷ್ಟು, ಕಲ್ಲಿನಂತೆ, ಕೈಗೆ ಜರುಗುವುದಿಲ್ಲ. ಮೇಲಿನ ಚರ್ಮ ಒಳಗೆ ಎಳೆದುಕೊಂಡಿದೆ. ಕಂಕುಳಲ್ಲಿ ಇನ್ನೆರಡು. ಯಾವಾಗಿನಿಂದ ಎಂದೆ. ಜೂನ್ ತಿಂಗಳಿನಿಂದ ಎಂದರು. ಮೊದಲು ಗೋಲಿಯಷ್ಟಿತ್ತು. ತೋರಿಸೋಣ ಅಂದುಕೊಂಡಿದ್ದೆ, ಅಷ್ಟರಲ್ಲಿ ಅವರ ಕಣ್ಣಿನ ಗಲಾಟೆ ಶುರುವಾಯಿತು, ಅದರ ಮಧ್ಯೆ ನನ್ನದೇನು ಎಂದು ಸುಮ್ಮನಾದೆ ಎಂದರು. ಮೊನ್ನೆ ಗಂಡನಿಗೆ ಗೊತ್ತಾಗಿದೆ.

ಜೂನ್ ತಿಂಗಳಿನಿಂದ. ನಾನು ಆವತ್ತು ಆ ಮಾತ್ರೆ ಕೊಟ್ಟಿದ್ದರೆ ಕಣ್ಣಿನ ಗಲಾಟೆ ಇರುತ್ತಿರಲಿಲ್ಲ. ಈಕೆ ಗೋಲಿಯಷ್ಟಿದ್ದಾಗಲೇ ಬರುತ್ತಿದ್ದರು. ಇದನ್ನು ಎಲ್ಲಿಟ್ಟುಕೊಳ್ಳಲಿ ನಾನು.

ಮೇಡಂ ಪಕ್ಕದ ಕೋಣೆಯಲ್ಲಿದ್ದರು. ಮಧ್ಯದ ಬಾಗಿಲು ತೆರೆದೇ ಇತ್ತು. ಆಕೆ ರವಿಕೆಯ ಗುಂಡಿ ಹಾಕಿಕೊಂಡು, ಬೆಳಕಿಗೆ ಬೆನ್ನು ಮಾಡಿ ನಿಂತು, "ಏನಿದು?" ಎಂದರು.

ಕೈ ಹಿಡಿದು ಕೂರಿಸಿದೆ. ಇದು ಕ್ಯಾನ್ಸರ್ ಎಂದೆ. ಸೂಜಿ ಹಾಕಿ ಪರೀಕ್ಷೆ ಮಾಡುತ್ತಾರೆ, ಕಾಗದದಲ್ಲಿ ಬರುವುದಕ್ಕೆ ಒಂದು ವಾರ ಬೇಕು, ಆದರೆ ನಾನು ನಿಮಗೆ ಇವತ್ತೇ ಹೇಳುತ್ತಿದ್ದೇನೆ, ಇವತ್ತೇ ಹೋಗಬೇಕು. ಕಂಕುಳಿಗೂ ಹರಡಿದೆ. ಔಷಧಿ ಇದೆ, ಆಪರೇಶನ್ ಇದೆ. ಪೂರ್ತಿ ವಾಸಿಯಾಗುತ್ತದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಜೂನ್‌ನಲ್ಲಿ ಬಂದಿದ್ದರೆ ಸುಲಭವಿತ್ತು, ನೀವು ಬರದಿದ್ದುದಕ್ಕೆ ನಾನೂ ಕಾರಣ ಎಂದೆ.

ಆಕೆ ಅಳಲಿಲ್ಲ. ಸೆರಗಿನಿಂದ ನನ್ನ ಮೇಜಿನ ಮೇಲೆ ಚೆಲ್ಲಿದ್ದ ನೀರು ಒರೆಸಿದರು. ಹಾಗೇ ಒರೆಸುತ್ತಲೇ ಇದ್ದರು. ಆಮೇಲೆ, "ಅವರಿಗೆ ನೀವೇ ಹೇಳಿ. ನನ್ನ ಕೈಲಾಗಲ್ಲ" ಎಂದರು.

ಹೊರಗೆ ಹೋದೆ. ಬೀಗದವರು ಉಳಿದ ಒಂದು ಕಣ್ಣಿನಿಂದ ನನ್ನ ಬಾಗಿಲನ್ನೇ ನೋಡುತ್ತಿದ್ದರು. ನಾನು ಹತ್ತಿರ ಹೋದಂತೆ ಬೆಂಚಿನ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದರು. ಪಕ್ಕದಲ್ಲಿ ಕೂತು ಹೇಳಿದೆ.